ರಂಗಮ್ಮನ ಇಂಜೆಕ್ಷನ್

ವೈದ್ಯರ ನೋಂದಣಿ ನವೀಕರಣಕ್ಕೆ ತರಬೇತಿಯ ಅಂಕ ಬೇಕು. ಅದಕ್ಕಾಗಿ ತುಮಕೂರಿನಲ್ಲಿ ದಿನವಿಡೀ ಕೂತು, ಚಿಕಿತ್ಸೆಯಲ್ಲಿ ತಪ್ಪಾಗದಂತೆ ತಡೆಯುವ ಪಾಠ ಕೇಳಿ ಬಂದೆ. ಸೂಜಿ ಚುಚ್ಚುವ ಮುನ್ನ ರೋಗಿಯ ಬಾಯಿಂದಲೇ ಹೆಸರು ಹೇಳಿಸಬೇಕು ಎಂಬುದು ಅದರಲ್ಲೊಂದು.

ಮರುದಿನ ಗುಬ್ಬಿಯ ನನ್ನ ಕ್ಲಿನಿಕ್ಕಿನಲ್ಲಿ ನರ್ಸ್ "ರಂಗಮ್ಮ" ಎಂದು ಕೂಗಿದರು. ಅಜ್ಜಿಯೊಬ್ಬರು ಬಂದು ಕೂತು ತೋಳು ಚಾಚಿದರು. ಇನ್ಸುಲಿನ್ ಸಿದ್ಧವಿತ್ತು.

"ನಿಮ್ಮ ಹೆಸರು ಹೇಳಿ ಅಮ್ಮ," ಎಂದೆ.

"ಸಿದ್ದಮ್ಮ ಕಣಪ್ಪ. ಮಂಡಿ ನೋವು."

ಸಕ್ಕರೆ ಕಾಯಿಲೆ ಇಲ್ಲದವರಿಗೆ ಆ ಸೂಜಿ ಪ್ರಾಣಕ್ಕೇ ಕುತ್ತು. "ಮತ್ತೆ ರಂಗಮ್ಮ ಅಂದಾಗ ಯಾಕೆ ಬಂದ್ರಿ?"

"ಅವ್ಳು ಕಾಫಿ ಕುಡಿಯಕ್ಕೆ ಹೋದ್ಲು. ಡಾಕ್ಟ್ರು ಕರೆಸ್ದಾಗ ಯಾರೂ ಎದ್ದು ಬರ್ದಿದ್ರೆ ನಿಮ್ಗೆ ಏನ್ ಮರ್ಯಾದೆ ಉಳೀತದೆ?"

ತಪ್ಪಿಗೆ ಕಾರಣಗಳೆಂದು ತುಮಕೂರಿನಲ್ಲಿ ಆಯಾಸ, ಅವಸರ, ಕೆಟ್ಟ ಕೈಬರಹ ಎಲ್ಲವನ್ನೂ ಹೇಳಿದ್ದರು. ಮರ್ಯಾದೆಯನ್ನು ಮಾತ್ರ ಬಿಟ್ಟಿದ್ದರು.