ಕೆಂಪು ನೀರಿನ ಬಾನಿ

ವಡ್ಡು ಊರಿಗೆ ನಾನು ಸಿಸ್ಟರಾಗಿ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ಬಂದ ವಾರದಲ್ಲೇ ಸೂಲಗಿತ್ತಿ ತಾಯಕ್ಕನ ಜೊತೆ ಜಗಳವಾಯಿತು. ತಪ್ಪು ನನ್ನದೇ ಅನ್ನುವವರು ಊರಲ್ಲಿ ಈಗಲೂ ಇದ್ದಾರೆ. ಅನ್ನಲಿ.

ತಾಯಕ್ಕನ ಹಿತ್ತಿಲಲ್ಲಿ ಒಂದು ಕಲ್ಲುಬಾನಿ ಇತ್ತು. ಎತ್ತುಗಳು ನೀರು ಕುಡಿಯುತ್ತಿದ್ದ ಬಾನಿ. ಎತ್ತುಗಳನ್ನು ಮಾರಿದ ಮೇಲೆ ಅದನ್ನು ತಿಕ್ಕಿ ತೊಳೆದು, ಉಗುರುಬೆಚ್ಚಗಿನ ನೀರು ತುಂಬಿ, ಹೆರಿಗೆ ನೋವು ಶುರುವಾದ ಹೆಂಗಸರನ್ನು ಅದರಲ್ಲಿ ಕೂರಿಸುತ್ತಿದ್ದಳು.

ಸುಳ್ಳೇಕೆ ಹೇಳಲಿ, ಅದರಲ್ಲಿ ಗುಣವಿತ್ತು. ನೀರಿಗಿಳಿದರೆ ಸೊಂಟ ಸಡಿಲವಾಗಿ, ಹಲ್ಲು ಕಚ್ಚಿ ಕೂತವರೂ ಮಾತಾಡತೊಡಗುತ್ತಿದ್ದರು. ನನ್ನ ತಕರಾರು ಇದ್ದದ್ದು ಕೂಸು ನೀರಲ್ಲೇ ಹುಟ್ಟುವುದರ ಬಗ್ಗೆ. ಅದು ನೀರು ಎಳೆದುಕೊಂಡರೆ? ನಂಜಾದರೆ? ತಾಯಿಯ ರಕ್ತ ಎಷ್ಟು ಹೋಯಿತೆಂದು ತಿಳಿಯುವುದು ಹೇಗೆ?

"ನನ್ನ ಕೈಗೆ ಗೊತ್ತಾಗತೈತ್ರಿ," ಅನ್ನುತ್ತಿದ್ದಳು. ನಾನು ಅದನ್ನು ಸೊಕ್ಕು ಅಂದುಕೊಂಡಿದ್ದೆ.

ಬರಬರುತ್ತಾ ಎಲ್ಲರೂ ಆಸ್ಪತ್ರೆಗೆ ಹೋಗತೊಡಗಿದರು. ಎರಡು ವರ್ಷ ತಾಯಕ್ಕನ ಕೈಗೆ ಒಂದು ಕೂಸೂ ಬರಲಿಲ್ಲ. ದಾರಿಯಲ್ಲಿ ಯಾರದಾದರೂ ಹಸುಗೂಸು ಕಂಡರೆ ಇಸಕೊಂಡು, ಕೇಳುವ ತನಕ ವಾಪಸು ಕೊಡುತ್ತಿರಲಿಲ್ಲ. ಆಕೆಗೆ ಉಳಿದಿದ್ದು ಒಂದೇ ಆಸೆ. ಮದುವೆಯಾಗಿ ಏಳು ವರ್ಷಕ್ಕೆ ಬಸಿರಾದ ಮಗಳು ಭವ್ಯಳ ಕೂಸಾದರೂ ತನ್ನ ಕೈಗೇ ಬೀಳಬೇಕು.

ಭವ್ಯಳಿಗೆ ನೋವು ಬಂದ ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಅವಳು ಬಾನಿಯಲ್ಲಿ ನಗುತ್ತಾ ಕೂತಿದ್ದಳು. ರಸ್ತೆಯಲ್ಲಿ ಗಣಿಯ ಕಬ್ಬಿಣದ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದವು. ಧೂಳು ಬಿದ್ದೂ ಬಿದ್ದೂ ನೀರೆಲ್ಲ ಕೆಂಪಾಗಿತ್ತು.

"ತಾಯಕ್ಕಾ, ಈ ನೀರಾಗ ರಕ್ತ ಹೊಂಟ್ರ ಹೆಂಗ ಕಾಣ್ತೈತಿ?" ಅಂದೆ.

ಬೈಗುಳಕ್ಕೆ ತಯಾರಾಗಿಯೇ ಕೇಳಿದ್ದೆ. ಆಕೆ ಬೈಯಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು.

"ಎಲ್ಲಾ ಕಬ್ಬಿಣದ ವಾಸ್ನಿನ ಬರ್ತೈತ್ರಿ ಸಿಸ್ಟರ್. ಅದಿರಿಂದೋ, ರಕ್ತದ್ದೋ, ತಿಳೀವಲ್ದು," ಅಂದಳು. ಆಮೇಲೆ ಮಗಳಿಗೆ, "ಏಳವ್ವಾ," ಅಂದಳು.

"ಬ್ಯಾಡವ್ವಾ, ಇಲ್ಲೇ ಹಗುರ ಐತಿ. ನಿನ್ ಕೈಯಾಗ ಆಗ್ಲಿ," ಎಂದು ಭವ್ಯ ಅವ್ವನ ಕೈ ಹಿಡಿದುಕೊಂಡಳು.

ಏಳು ವರ್ಷದಿಂದ ತಾಯಕ್ಕ ಕಾದದ್ದು ಆ ಮಾತಿಗೇ. ಆದರೂ ಮಗಳ ಕಂಕುಳಿಗೆ ಕೈಹಾಕಿ ಎಬ್ಬಿಸಿ, ಒಣಗಿದ ಬಿಳಿ ಪಂಚೆ ಸುತ್ತಿದಳು. ನಮ್ಮ ಕಣ್ಣೆದುರೇ ಪಂಚೆ ರಕ್ತದಲ್ಲಿ ತೊಯ್ದುಹೋಯಿತು. "ಜಲ್ದಿ ಜೀಪ್ ಕರೀರಿ!" ಎಂದು ನನಗಿಂತ ಮೊದಲು ಕೂಗಿದವಳು ತಾಯಕ್ಕನೇ.

ಸಂಡೂರಿನ ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಬಿಟ್ಟರು, ಆಕೆಯನ್ನು ಬಿಡಲಿಲ್ಲ. ಊರಿನ ಅರ್ಧ ಜನರನ್ನು ಹುಟ್ಟುವಾಗ ಕೈಯಲ್ಲಿ ಹಿಡಿದವಳು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವತ್ತು ನನಗೆ ಆಕೆಯ ಮೇಲಿನ ಸಿಟ್ಟೆಲ್ಲ ಇಳಿದು ಸಂಕಟವಾಯಿತು.

ರಕ್ತ ನಿಂತಿತು. ತಾಯಿ ಕೂಸು ಇಬ್ಬರೂ ಉಳಿದರು. ಹೊರಗೆ ಬಂದು ಹೆಣ್ಣು ಕೂಸೆಂದು ಹೇಳಿದಾಗ ತಾಯಕ್ಕ ಅತ್ತಳು, ನನಗೆ ಕೈಮುಗಿದಳು. ಆಮೇಲೆ ನನ್ನ ಸೆರಗು ಹಿಡಿದುಕೊಂಡು ಕೇಳಿದಳು:

"ಹುಟ್ಟಿದ ಗಳಿಗ್ಯಾಗ ಹೆಂಗಿತ್ರಿ? ಮೊದ್ಲು ಅತ್ತಿತೋ, ಕಣ್ಣು ಬಿಟ್ಟಿತೋ?"

ಆ ಹೊತ್ತು ನಾನು ಭವ್ಯಳ ರಕ್ತ ನೋಡುತ್ತಿದ್ದೆ. ಕೂಸಿನ ಕಡೆ ತಿರುಗಿಯೂ ನೋಡಿರಲಿಲ್ಲ. ಹಾಗೆಂದೇ ಹೇಳಿದೆ.

ತಾಯಕ್ಕ ಸೆರಗು ಬಿಟ್ಟಳು.

"ನೀವಾದ್ರೂ ನೋಡ್ಬೇಕಿತ್ರಿ," ಅಂದಳು.