ತೆಂಗಿನ ಜುಟ್ಟಿನ ಗೂಡು

ದುಬೈಯ ಮಿರ್ದಿಫ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಮಂಗಳೂರಿನ ಅಕ್ಕ ಬೆಲ್ ಒತ್ತಿ ಕೇಳುತ್ತಿದ್ದುದು ಒಂದೇ ಮಾತು: "ಕಾಯಿಯ ಜುಟ್ಟು ಬಿಸಾಡ್ಲಿಲ್ಲ ಅಲ್ವಾ ಮಾರಾಯ್ರೆ?"

ಅದೇ ಊರಲ್ಲಿ ಗಾಜಿನ ಸೂರಿನಡಿ ಬೆಳೆಸಿದ ಕಾಡೊಂದರಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಅಲ್ಲಿ ದಕ್ಷಿಣ ಅಮೆರಿಕದ ಬೆಟ್ಟಗಾಡಿನ ಟ್ಯಾನಜರ್ ಹಕ್ಕಿಗಳ ಜೋಡಿಯೊಂದಿತ್ತು. ಗುಬ್ಬಚ್ಚಿಯಷ್ಟೇ ಗಾತ್ರ. ಗೂಡು ಕಟ್ಟಲೆಂದು ವಿದೇಶದಿಂದ ತರಿಸಿದ ನಾರನ್ನು ಅವು ಮೂಸಿಯೂ ನೋಡಿರಲಿಲ್ಲ. ಅಕ್ಕ ನಮ್ಮ ಅಡುಗೆಮನೆಯ ತೆಂಗಿನ ಜುಟ್ಟುಗಳನ್ನು ಕುದಿಸಿ, ಬಾಲ್ಕನಿಯಲ್ಲಿ ಒಣಗಿಸಿ, ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಪ್ರತಿ ಎಳೆಯನ್ನೂ ಕೆನ್ನೆಗೆ ಉಜ್ಜಿ ನೋಡಿ, ಒರಟಾದದ್ದನ್ನು ಪಕ್ಕಕ್ಕೆಸೆದು, ಉಳಿದದ್ದನ್ನು ಹಕ್ಕಿಗಳಿಗೆ ಒಯ್ಯುತ್ತಿದ್ದರು.

ಒಂದು ಶನಿವಾರ ನನ್ನನ್ನೂ ಕರೆದೊಯ್ದರು. ಎಲೆಗಳ ನಡುವೆ ಬಟ್ಟಲಿನಂಥ ಗೂಡು, ಅದರೊಳಗೆ ಬಾಯ್ದೆರೆದ ಎರಡು ಮರಿಗಳು. ಅಲ್ಲಿನ ಸೂಪರ್‌ವೈಸರ್ ಪ್ರವಾಸಿಗರಿಗೆ, "ಗೂಡಿಗೆ ಸ್ಪೆಷಲ್ ಇಂಪೋರ್ಟೆಡ್ ನಾರು ಕೊಟ್ಟಿದ್ದೇವೆ" ಎನ್ನುತ್ತಿದ್ದ. ಎಂದೂ ದನಿಯೇರಿಸದ ಅಕ್ಕ ನನ್ನ ತೋಳು ಹಿಡಿದು ಎಲ್ಲರೆದುರು ನಿಲ್ಲಿಸಿದರು.

"ಇಂಪೋರ್ಟ್ ಗಿಂಪೋರ್ಟ್ ಮಾಫಿ ಸರ್, ಎಂಥದ್ದೂ ಇಲ್ಲ. ಇವರ ಅಡುಗೆಮನೆಯ ತೆಂಗಿನಕಾಯಿದು. ಬಿಡಿಸಿದ್ದು ನಾನು."

ಅಕ್ಕ ಮನೆ ಬದಲಿಸಿ ಬಹಳ ದಿನವಾಯಿತು. ಕಾಯಿ ಒಡೆಯುವ ಮೊದಲು ಕಿತ್ತ ಜುಟ್ಟನ್ನು ನಾನು ಈಗಲೂ ಕೆನ್ನೆಗೊಮ್ಮೆ ಉಜ್ಜಿ ನೋಡುತ್ತೇನೆ.