ಭಾವ ಬಿಟ್ಟ ಉಪ್ಪಿಟ್ಟು

ಅಕ್ಕನ ಮದುವೆಯಾದ ಹೊಸದರಲ್ಲೇ ನಮಗೆಲ್ಲ ಗೊತ್ತಾಗಿಹೋಗಿತ್ತು, ಭಾವನ ಬಾಯಿ ಸುಮ್ಮನಿರುವಂಥದ್ದಲ್ಲ ಅಂತ. ಸಾರಿಗೆ ಉಪ್ಪು ಮುಂದಾಯಿತು, ಕಾಫಿ ನೀರಾಯಿತು, ಚಟ್ನಿಯಲ್ಲಿ ಕಾಯಿಯೇ ಇಲ್ಲ. ಊಟಕ್ಕೆ ಕೂತರೆ ತಪ್ಪು ಹುಡುಕುವುದೇ ಅವರ ಕೆಲಸ. ಉಪ್ಪಿಟ್ಟು ಕಂಡರಂತೂ ಉರಿದುಬೀಳುತ್ತಿದ್ದರು. ಅಕ್ಕನೂ ಬಿಡುವವಳಲ್ಲ, ಒಂದಕ್ಕೆ ಎರಡು ಹೇಳುತ್ತಿದ್ದಳು. ಸಿದ್ಧಾರ್ಥನಗರದ ಆ ಮನೆಯ ಜಗಳ ಕೇಳುವುದಕ್ಕೇ ನಾನು ಭಾನುವಾರ ಒಂಟಿಕೊಪ್ಪಲಿನಿಂದ ಬಸ್ಸು ಹತ್ತಿ ಹೋಗುತ್ತಿದ್ದೆ ಅಂದರೂ ಸುಳ್ಳಲ್ಲ.

ಬಾಯಿಯ ಹಿಂದೆ ಕೈಯೂ ಇತ್ತು ಅನ್ನುವುದು ತಿಳಿದದ್ದು ಆಮೇಲೆ. ಗೇಟಿನ ಮುಂದೆ ಬೈಕ್ ನಿಲ್ಲಿಸಿದ ಪಕ್ಕದ ಮನೆಯವರ ಜತೆ ಮಾತಿಗೆ ಮಾತು ಬೆಳೆದು ಭಾವ ಹಾರೆ ಎತ್ತಿಬಿಟ್ಟರು. ಆ ಮನುಷ್ಯನಿಗೆ ಇವತ್ತಿಗೂ ಬಲಗೈ ನೆಟ್ಟಗೆ ಚಾಚಲು ಬರುವುದಿಲ್ಲ. ಕೋರ್ಟು ಭಾವನನ್ನು ನಾಲ್ಕು ವರ್ಷ ಜೈಲಿಗೆ ಕಳಿಸಿತು. ತಪ್ಪಿಗೆ ದಂಡ, ಊರಿಗೆ ಭಯ, ಒಳಗಿರುವವನಿಗೆ ಬುದ್ಧಿ, ಜೈಲು ಇರುವುದೇ ಇದಕ್ಕೆ ಎಂದು ನಮ್ಮ ವಕೀಲರು ಅಕ್ಕನಿಗೆ ಸಮಾಧಾನ ಹೇಳಿದ್ದರು. ಶಿಕ್ಷೆ ಸರಿ ಎಂದೇ ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಕಳೆದ ವರ್ಷ ಬಿಡುಗಡೆಯಾಗಿ ಬಂದ ಭಾವ ಬೇರೆಯೇ ಮನುಷ್ಯ. ತಟ್ಟೆಗೆ ಏನು ಬಿದ್ದರೂ ತಲೆ ಬಗ್ಗಿಸಿಕೊಂಡು ತಿನ್ನುವರು, ಒಂದಗುಳೂ ಬಿಡದೆ. ತಟ್ಟೆ ತೊಳೆದು ಕವುಚಿಟ್ಟು ಗೋಡೆಯ ಪಕ್ಕ ನಿಲ್ಲುವರು. ಕೂತ್ಕೊಳ್ಳಿ ಅಂದರೆ ಕೂರುವರು. ತಮ್ಮ ಮನೆಯಲ್ಲೇ ಟಿ.ವಿ. ಹಾಕಲೇ ಎಂದು ಅಪ್ಪಣೆ ಕೇಳುವರು. ಒಂದು ದಿನ ಹೋಟೆಲಿಗೆ ಕರೆದುಕೊಂಡು ಹೋದಾಗ, ಏನು ಕೊಡಲಿ ಎಂದು ಸಪ್ಲೈಯರ್ ಕೇಳಿದ್ದಕ್ಕೆ ಉತ್ತರ ತೋಚದೆ ಬೆವರಿಹೋದರು. ನನಗೋ ಒಳಗೊಳಗೇ ಖುಷಿ. ನಿನ್ನ ಕೈಲಿ ಆಗದ್ದನ್ನು ಸರ್ಕಾರ ಮಾಡಿ ತೋರಿಸಿತು ಎಂದು ಅಕ್ಕನನ್ನು ರೇಗಿಸಿದೆ.

ಅಕ್ಕ ನಗಲಿಲ್ಲ. "ಕೈ ಅಡಗ್ಲಿ ಅಂತ ನಾನೇ ಹರಕೆ ಹೊತ್ತಿದ್ದೆ ಕಣೇ. ಬಾಯೂ ಅಡಗ್ಲಿ ಅಂತ ಯಾರು ಕೇಳಿದ್ರು?" ಅಂದಳು.

ಆಮೇಲೆ ಗುಟ್ಟು ಬಿಟ್ಟುಕೊಟ್ಟಳು. ಬೇಕೆಂತಲೇ ಉಪ್ಪಿಲ್ಲದ ಸಾರು ಬಡಿಸಿದ್ದಳಂತೆ, ಭಾವ ತಿಂದರಂತೆ. ಇನ್ನೊಂದು ದಿನ ಖಾರ ಸುರಿದಿದ್ದಳಂತೆ. ಕಣ್ಣಲ್ಲಿ ನೀರು ಸುರಿಸುತ್ತಾ ಅದನ್ನೂ ತಿಂದರಂತೆ. ಒಂದೇ ಒಂದು ಸಲ ಬೇಡ ಅನ್ನಲಿ, ನನ್ನ ಗಂಡ ಮನೆಗೆ ಬಂದ ಅಂದುಕೊಳ್ಳುತ್ತೇನೆ ಎಂದಳು. ಬುದ್ಧಿ ಕಲಿಯುವುದೇ ಬೇರೆ, ಬೇಕು ಬೇಡಗಳೇ ಮರೆತುಹೋಗುವುದು ಬೇರೆ ಅನ್ನುವುದು ನನ್ನ ತಲೆಗೆ ಆಗ ಹೊಳೆಯಿತು. ಅಕ್ಕನನ್ನು ನೋಡಿ ಸಂಕಟವಾಯಿತು.

ದಸರೆಯ ಗದ್ದಲವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ನಮ್ಮ ಮನೆಗೆ ಬಂದರು. ಮೊದಲೇ ಫೋನ್ ಮಾಡಿರಲಿಲ್ಲ, ಅವಸರದಲ್ಲಿ ಉಪ್ಪಿಟ್ಟು ಕೆದಕಿದೆ. ನನ್ನ ಉಪ್ಪಿಟ್ಟಿನ ಬಗ್ಗೆ ನನಗೆ ಸ್ವಲ್ಪ ಜಂಬವೇ. ಭಾವ ಒಂದು ತುತ್ತು ತಿಂದರು, ಇನ್ನೊಂದು ತಿಂದರು, ನಿಲ್ಲಿಸಿದರು.

"ರವೆ ಹುರಿದಿಲ್ಲ ನೀನು," ಅಂದರು.

ನನಗೆ ಚುರ್ರೆಂದಿತು. ನಮ್ಮ ಮನೆಯಲ್ಲಿ ಕೂತು ನನ್ನ ಅಡುಗೆಗೆ ಹೆಸರಿಡುತ್ತಾರಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮೊಣಕೈ ಹಿಡಿದು ಜಿಗುಟಿದಳು. ಅಷ್ಟು ಹೊತ್ತಿಗೆ ಭಾವನೇ ಗಾಬರಿಯಾಗಿದ್ದರು. ನಮ್ಮಿಬ್ಬರ ಮುಖ ನೋಡಿ, ತಟ್ಟೆ ಹತ್ತಿರಕ್ಕೆಳೆದುಕೊಂಡು ಗಬಗಬ ತಿನ್ನತೊಡಗಿದರು.

"ರೀ, ಬುಟ್ಬುಡಿ," ಅಂದಳು ಅಕ್ಕ. "ಚೆನ್ನಾಗಿಲ್ದಿದ್ರೆ ಯಾಕ್ ತಿಂತೀರಿ? ಬೇಡ ಅನ್ನಿ."

ಭಾವ ಬಾಯಲ್ಲಿದ್ದದ್ದನ್ನು ನುಂಗಿದರು. ಆಮೇಲೆ, "ಬೇಡ," ಅಂದರು. ಹಾರೆ ಎತ್ತಿದ್ದ ಅದೇ ಕೈ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು, ಅಷ್ಟೇ.

ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು, ನಗುತ್ತಾ, ನನ್ನ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನಿಂದ ಹಿಟ್ಟು ತೆಗೆದಳು. ದೋಸೆಯೋ ಅವಲಕ್ಕಿಯೋ ಎಂದು ಅಲ್ಲಿಂದಲೇ ಕೂಗಿ ಕೇಳಿದಳು. ಭಾವ ಯೋಚನೆ ಮಾಡುತ್ತಿದ್ದರು. ನಾನೂ ಒಳಗೆ ಹೋಗಿ ಬಾಣಲೆಯಲ್ಲಿ ಉಳಿದದ್ದನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ರವೆ ಹಸಿಹಸಿಯಾಗಿತ್ತು.

"ದೋಸೆ," ಎಂದು ನಡುಮನೆಯಿಂದ ಕೇಳಿಸಿತು. ಸ್ವಲ್ಪ ತಡೆದು, "ಗರಿಗರಿಯಾಗಿರ್ಲಿ."